ಬಚ್ಚಲುಮನೆಯ ಕ್ಲೋರಿನ್

ಟಾಯ್ಲೆಟ್ ತೊಳೆಯುವ ದ್ರಾವಣದಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬಟ್ಟೆಯ ಕಲೆ ತೆಗೆಯುವ ಬ್ಲೀಚ್‌ನಲ್ಲಿ ಸೋಡಿಯಂ ಹೈಪೋಕ್ಲೋರೈಟ್. ಬೇರೆಬೇರೆಯಾಗಿ ಎರಡೂ ಉಪಯುಕ್ತವೇ. ಹಟಮಾರಿ ಕಲೆ ಹೋಗಲೆಂದು ಎರಡನ್ನೂ ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. 1915ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದೂ ಇದೇ ಅನಿಲ. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮಟ್ಟದಲ್ಲೇ, ಅಂದರೆ ಕುಕ್ಕರಗಾಲಿನಲ್ಲಿ ಕೂತು ಉಜ್ಜುವವರ ಮುಖದ ಹತ್ತಿರವೇ, ನಿಲ್ಲುತ್ತದೆ. ಕಣ್ಣುರಿ, ಕೆಮ್ಮು, ಎದೆಬಿಗಿತ ಮೊದಲ ಸೂಚನೆಗಳು. ಆಗ ಕೆಲಸ ಮುಗಿಸುವ ಹುರುಪು ಬೇಡ; ತಕ್ಷಣ ಹೊರಗಿನ ಗಾಳಿಗೆ ಬರಬೇಕು.

ಅಪಾಯ ಬಚ್ಚಲುಮನೆಯಲ್ಲಿ ಮಾತ್ರವಲ್ಲ. ಬೀರುವಿನಲ್ಲಿಡುವ ನುಸಿಗುಳಿಗೆ ಹಲವು ಬಾರಿ ನ್ಯಾಫ್ತಲೀನ್‌ನದಾಗಿರುತ್ತದೆ. ಪೆಪ್ಪರಮೆಂಟಿನಂತೆ ಕಾಣುವ ಅದನ್ನು ಮಗು ನುಂಗಿದರೆ ಕೆಂಪು ರಕ್ತಕಣಗಳು ಒಡೆಯಬಹುದು. ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಿಗಂತೂ ಈ ಅಪಾಯ ಹೆಚ್ಚು.

ಎಲ್ಲಕ್ಕಿಂತ ಕೆಟ್ಟ ರೂಢಿಯೆಂದರೆ ಸೀಮೆಎಣ್ಣೆ, ಥಿನ್ನರ್, ಆ್ಯಸಿಡ್‌ಗಳನ್ನು ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿಡುವುದು. ಬಾಯಾರಿದ ಮಗು ಲೇಬಲ್ ಓದುವುದಿಲ್ಲ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು, ಹಾಗೆ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆ ಬಾಟಲಿಯನ್ನೂ ಜೊತೆಗಿಟ್ಟುಕೊಂಡು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.