ಗೊಬ್ಬರದಂಗಡಿಯಲ್ಲಿ ಒಂದು ಐನೂರು

ಕೊಬ್ಬರಿ ಹರಾಜಿನ ದಿನ. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಚೀಲ ಹೇರಿಕೊಂಡ ಟೆಂಪೊಗಳು ಎಪಿಎಂಸಿ ಕಡೆಗೆ ನುಗ್ಗುತ್ತಿವೆ. ನೀವು ಗೊಬ್ಬರದಂಗಡಿಯೊಂದರ ಗಲ್ಲಾದ ಪಕ್ಕದಲ್ಲಿ ನಿಂತಿದ್ದೀರಿ. ಮೂಗಿಗೆ ಬೇವಿನ ಹಿಂಡಿಯ ಕಹಿ ಘಾಟು.

ಹಂದನಕೆರೆ ಕಡೆಯ ರೈತರೊಬ್ಬರು, ಅರವತ್ತು ದಾಟಿದವರು, ಒಳಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಕಂತೆ ತೆಗೆದು ಕೊಡುತ್ತಾರೆ. ಮಂಡಿಯ ದುಡ್ಡು ಖಾತೆಗೆ ಬಂದರೂ, ಕಾಯಿ, ಮಟ್ಟೆ, ಕರಟದ ವ್ಯವಹಾರ ಇವತ್ತಿಗೂ ತೋಟದ ಬದುವಿನ ಮೇಲೇ, ನಗದಿನಲ್ಲೇ ಮುಗಿಯುತ್ತದೆ. ಯಾರ ಯಾರ ಕೈ ದಾಟಿ ಬಂದ ನೋಟುಗಳೋ.

ಎಣಿಸುವ ಮಷೀನು ಸರಸರ ಓಡಿ ಗಕ್ಕನೆ ನಿಲ್ಲುತ್ತದೆ. ಕೀಂ ಅನ್ನುತ್ತದೆ.

ಅಂಗಡಿಯವರ ಮುಖ ನೋಡಿ. ಅದರಲ್ಲೇನೂ ಬದಲಾಗಿಲ್ಲ. ಬೆವರಿಗೆ ಒದ್ದೆಯಾದ ನೋಟಿಗೂ ಮಷೀನು ಹೀಗೇ ಅರಚುತ್ತದೆ ಎಂದು ಅವರಿಗೆ ಗೊತ್ತು. ಕಂತೆ ಕೊಡವಿ ಮತ್ತೆ ಹಾಕುತ್ತಾರೆ. ಅದೇ ನೋಟಿಗೆ ಮತ್ತೆ ನಿಲ್ಲುತ್ತದೆ. ಈಗ ಬೆರಳು ಮಾತಾಡಬೇಕು. ಅಟ್ಟದ ಕಾಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುವ ಸೀಮೆ ಇದು. ನೋಟನ್ನೂ ಹಾಗೆಯೇ ಕೈಯಲ್ಲಿ ಹಿಡಿದು ನೋಡುತ್ತಾರೆ. ಅಸಲಿ ನೋಟಿನ ಕಾಗದ ಹತ್ತಿಯದು. ಆ ಕಾಗದದ ಕಾರ್ಖಾನೆಯೂ ನೋಟು ಅಚ್ಚಾಗುವ ಮುದ್ರಣಾಲಯವೂ ನಮ್ಮ ಮೈಸೂರಿನಲ್ಲೇ ಇವೆ. ಗಾಂಧಿಯವರ ಚಿತ್ರ, ಅಂಚಿನ ಐದು ಓರೆಗೆರೆಗಳು ಬೆರಳಿಗೆ ಉಬ್ಬಾಗಿ ಸಿಗಬೇಕು. ಇಲ್ಲಿ ನುಣ್ಣಗಿದೆ. ಬಾಗಿಸಿದರೆ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು. ಇದು ಹಸಿರಾಗಿಯೇ ಉಳಿದಿದೆ. ನೇರಳೆ ದೀಪದ ಕೆಳಗಿಟ್ಟರೆ ಮಾಮೂಲಿ ಕಾಗದದ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಅಸಲಿಯದು ಹಾಗೆ ಹೊಳೆಯುವುದಿಲ್ಲ.

ಹಿಂದೆ ನಾಲ್ಕು ಜನ ಕಾಯುತ್ತಿದ್ದಾರೆ. ಅಂಗಡಿಯವರು ದನಿ ಏರಿಸುವುದಿಲ್ಲ.

“ಯಜಮಾನ್ರೇ, ಸ್ವಲ್ಪ ಒಳಗ್ ಬನ್ನಿ.”

“ಯಾಕಪ್ಪಾ, ಲೆಕ್ಕ ಕಮ್ಮಿ ಬಂತಾ?”

“ಲೆಕ್ಕ ಸರಿ ಐತೆ. ಇದೊಂದು ನೋಟು ಯಾಕೋ ಅನುಮಾನ. ನಿಮಗೆ ಯಾರು ಕೊಟ್ಟಿದ್ದು?”

ರೈತರ ಮುಖದ ಬಣ್ಣ ಇಳಿಯುತ್ತದೆ. “ಮೊನ್ನೆ ಮಟ್ಟೆ ತುಂಬ್ಕಂಡ್ ಹೋದೋರು ಕೊಟ್ಟಿದ್ದು ಕಣಪ್ಪಾ. ನಾನ್ಯಾಕ್ ಅಂಥಾ ಕೆಲಸ ಮಾಡ್ಲಿ?”

ಈ ಮಾತು ಯಾರ ಬಾಯಲ್ಲೂ ಬರಬಾರದು. ಅದಕ್ಕೇ ಅಂಗಡಿಯವರು ಅವರನ್ನು ಒಳಗೆ ಕರೆದದ್ದು. ತುರುವೇಕೆರೆಯಲ್ಲೋ ಹುಳಿಯಾರಿನಲ್ಲೋ ತುಂಬಿದ ಅಂಗಡಿಯಲ್ಲಿ ‘ಖೋಟಾನೋಟು ತಂದಿದಾನೆ’ ಎಂದು ಒಬ್ಬರು ಕೂಗಿದರೆ ಸಾಕು, ಆ ಮನುಷ್ಯ ಊರು ಸೇರುವ ಮೊದಲೇ ಸುದ್ದಿ ಸೇರಿರುತ್ತದೆ.

ಇನ್ನು, ಬಹಳ ಅಂಗಡಿಗಳಲ್ಲಿ ನಡೆಯುವುದೇ ಬೇರೆ. ‘ಬೇರೆ ಕೊಡಿ ಅಣ್ಣಾ’ ಎಂದು ನೋಟು ವಾಪಸ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನೋಡಲು ಒಳ್ಳೆಯತನವೇ. ಆದರೆ ಆ ನೋಟು ಸಂಜೆಗತ್ತಲಲ್ಲಿ, ಮಷೀನಿಲ್ಲದ ಕಡೆ, ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಮಡಿಲಿಗೆ ಬೀಳುತ್ತದೆ. ಅವಳ ದಿನದ ಗಳಿಕೆಯೇ ಅಷ್ಟಿರಬಹುದು. ಕಾನೂನಿನ ಗೆರೆಯೂ ಇಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಮಿನಲ್ಲಿ, ಖೋಟಾ ಎಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಚಲಾಯಿಸುವವರಿಗೆ ಹತ್ತು ವರ್ಷದವರೆಗಿನ ಸೆರೆವಾಸ ಅಥವಾ ಜೀವಾವಧಿ ಶಿಕ್ಷೆಯಾಗಬಹುದು. ತಿಳಿಯದೆ ತಂದವರು ಅಪರಾಧಿಯಲ್ಲ. ಆದರೆ ಅಂಗಡಿಯವರು ಹೇಳಿದ ಮೇಲೆ ತಿಳಿಯಲಿಲ್ಲ ಅನ್ನುವ ಹಾಗಿಲ್ಲ.

ನೋಟು ಕಿತ್ತಿಟ್ಟುಕೊಳ್ಳುವ ಅಧಿಕಾರ ಅಂಗಡಿಗಿಲ್ಲ. ಅದು ಬ್ಯಾಂಕು, ಖಜಾನೆಗಳ ಕೆಲಸ. ಹಾಗಾಗಿ ಅಂಗಡಿಯವರು ಹುಡುಗನನ್ನು ಗಲ್ಲಾಕ್ಕೆ ಕೂರಿಸಿ, “ನಡೀರಿ, ನಾನೂ ಬರ್ತೀನಿ” ಅನ್ನುತ್ತಾರೆ. ರೈತರ ಕಾಲು ಏಳುವುದಿಲ್ಲ. ಪೊಲೀಸ್ ಭಯ. ಈ ಭಯವೇ ಖೋಟಾನೋಟನ್ನು ಊರೂರು ತಿರುಗಿಸುತ್ತಿರುವುದು ಎಂದು ನಾನು ಬಲವಾಗಿ ನಂಬಿದ್ದೇನೆ. ರಿಸರ್ವ್ ಬ್ಯಾಂಕಿನ ನಿಯಮ ನೋಡಿದರೆ ಅಷ್ಟು ಹೆದರಬೇಕಿಲ್ಲ. ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ಬ್ಯಾಂಕು ತಿಂಗಳ ಕೊನೆಗೆ ಒಟ್ಟು ವರದಿಯನ್ನಷ್ಟೇ ಪೊಲೀಸರಿಗೆ ಕಳಿಸುತ್ತದೆ. ಐದು ಅಥವಾ ಹೆಚ್ಚು ಸಿಕ್ಕರೆ ಎಫ್‌ಐಆರ್. ಈ ಮಾತನ್ನು ಪ್ರತಿ ಸಹಕಾರ ಸಂಘದ ಗೋಡೆಯ ಮೇಲೆ ಬರೆಸಬೇಕು.

ಬ್ಯಾಂಕಿನ ಕೌಂಟರಿನಲ್ಲಿ ಕ್ಯಾಷಿಯರ್ ನೋಟಿನ ಮೇಲೆ ಖೋಟಾ ಎಂಬ ಮುದ್ರೆ ಒತ್ತುತ್ತಾರೆ. ನೋಟು ವಾಪಸ್ ಬರುವುದಿಲ್ಲ, ಬದಲಿಗೆ ದುಡ್ಡೂ ಇಲ್ಲ. ಕೈಗೆ ಬರುವುದು ರಸೀದಿ. 2024-25ರಲ್ಲಿ ದೇಶದಾದ್ಯಂತ ಹೀಗೆ ಸಿಕ್ಕ 500ರ ಖೋಟಾನೋಟುಗಳು 1.17 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ನೋಟು ಇಂಥ ನಿರಪರಾಧಿಗಳ ಜೇಬಿಗೇ ಕತ್ತರಿ ಹಾಕಿರುತ್ತವೆ. ಪ್ರಾಮಾಣಿಕತೆಗೆ ಐನೂರು ರೂಪಾಯಿ ದಂಡ ಹಾಕುವ ವ್ಯವಸ್ಥೆ ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಹೊರಗೆ ಬಂದು ರೈತರು ಮಟ್ಟೆಯವನಿಗೆ ಫೋನು ಹಚ್ಚುತ್ತಾರೆ. “ನೋಟು ಬ್ಯಾಂಕಿನೋರು ಇಟ್ಕಂಡ್ರು. ರಸೀದಿ ನನ್ನತ್ರ ಐತೆ, ಬಂದ್ ನೋಡಪ್ಪಾ.” ಆ ಕಡೆಯ ದನಿ ನಿಮಗೂ ಕೇಳುತ್ತದೆ: “ನಂಗೂ ಯಾರ್ ಕೊಟ್ರೋ ಗೊತ್ತಿಲ್ಲ ಕಣಣ್ಣಾ. ನಾಡಿದ್ದು ಲೋಡಿಗೆ ಬರ್ತೀನಲ್ಲ, ಅರ್ಧರ್ಧ ಹಾಕ್ಕಳಾನ.”