ಕೆಂಚನ ದೆಸೆಯಿಂದ

ನಮ್ಮ ಮನೆಯಲ್ಲಿ ಯಾರೂ ಸುಮ್ಮನೆ ಎಲ್ಲಿಗೂ ಹೋದವರಲ್ಲ. ಹೋಗುವುದಕ್ಕೆ ಒಂದು ನೆಪ ಬೇಕು. ಮದುವೆ, ತಿಥಿ, ಹರಕೆ, ಆಸ್ಪತ್ರೆ, ಪರೀಕ್ಷೆ, ಹೀಗೆ ಏನಾದರೊಂದು. ಅರಸೀಕೆರೆ ಕಡೆಯ ತೆಂಗಿನ ತೋಟದ ಸಂಸಾರ ನಮ್ಮದು. ಸಮುದ್ರವೆಂದರೆ ನಮಗೆ ಧರ್ಮಸ್ಥಳ, ಉಡುಪಿ, ಕೊಲ್ಲೂರು ಮುಗಿಸಿಕೊಂಡು ಬರುವಾಗ ಅರ್ಧ ಗಂಟೆ ಇಳಿದು, ಪಂಚೆ ಎತ್ತಿ ಕಟ್ಟಿ ಕಾಲು ತೋಯಿಸಿ, ಮರಳು ಒದರಿಕೊಂಡು ಮತ್ತೆ ಬಸ್ಸು ಹತ್ತುವ ಜಾಗ. ಅಪ್ಪ ಹೀಗೆ ಮೂರು ಸಲ ಸಮುದ್ರ ನೋಡಿದ್ದಾರೆ. ಅಮ್ಮ ಒಂದೇ ಸಲ, ಮದುವೆಯಾದ ವರ್ಷ.

ಹೋದ ಜನವರಿಯಲ್ಲಿ ತಮ್ಮ, “ಮೂರು ದಿನ ಒಂದು ಕುದ್ರುವಿನಲ್ಲಿ ಇದ್ದು ಬರೋಣ, ಏನೂ ಮಾಡೋದು ಬೇಡ” ಎಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಯಾವ ದೇವರು?”

ಭೂಗೋಳದ ಪಾಠದಲ್ಲಿ ನಾವು ದ್ವೀಪ ಎಂದು ಓದಿದ್ದನ್ನು ಉಡುಪಿ ಕಡೆಯವರು, ಅದು ನದಿಯೊಳಗಿದ್ದರೆ, ಕುದ್ರು ಎನ್ನುತ್ತಾರೆ. ಸುವರ್ಣಾ ಮತ್ತು ಸೀತಾ ನದಿಗಳು ಕೋಡಿಬೆಂಗ್ರೆಯಲ್ಲಿ ಕಡಲು ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುತ್ತವೆ. ಘಟ್ಟದಿಂದ ಹೊತ್ತು ತಂದ ಮಣ್ಣನ್ನು ಅಲ್ಲಲ್ಲಿ ಇಳಿಸಿ ಇಂಥ ಹಲವು ಕುದ್ರುಗಳನ್ನು ಮಾಡಿವೆ. ಕೆಲವಕ್ಕೆ ಸೇತುವೆಯಿದೆ. ಕೆಮ್ಮಣ್ಣಿನ ಬಳಿ ತಿಮ್ಮಣ್ಣಕುದ್ರುವಿಗೆ ಹೋಗಲು ತೂಗುಸೇತುವೆಯೇ ಇದೆ. ನಾವು ಹೋದ ಪುಟ್ಟ ಕುದ್ರುವಿಗೆ ಮಾತ್ರ ದೋಣಿಯೇ ಗತಿ. ನಾಲ್ಕೈದು ಮನೆ, ತೆಂಗಿನ ಮರ, ಸುತ್ತ ನೀರು. ದೇವರು ಯಾರೆಂದು ತಮ್ಮನಿಗೆ ಗೊತ್ತಿರಲಿಲ್ಲ. ಆದರೂ ಅಪ್ಪ ಒಪ್ಪಿದರು, ಏಕೆಂದರೆ ಉಡುಪಿ ಅಲ್ಲಿಂದ ಹತ್ತಿರ.

ಜೊತೆಗೆ ಕೆಂಚನೂ ಬಂದ. ಕೆಂಚ ಅಜ್ಜಿಯ ನಾಯಿ. ತಳಿಯ ಹೆಸರೇನೂ ಇಲ್ಲದ, ಕೆಂಪು ಮೈಯ ನಾಟಿ ನಾಯಿ. ಅಜ್ಜಿ ಹಾಸಿಗೆ ಹಿಡಿದ ಆರು ವರ್ಷವೂ ಅವನು ಮಂಚದ ಕೆಳಗೇ ಮಲಗಿದ. ಹಾಸಿಗೆ ಹುಣ್ಣಾಗಬಾರದೆಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅಮ್ಮ ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಎದ್ದು ಅಜ್ಜಿಯನ್ನು ಮೆಲ್ಲಗೆ ಹೊರಳಿಸುತ್ತಿದ್ದಳು. ನಾಲ್ಕರ ಮೇಲೆ ಮಲಗುತ್ತಿರಲಿಲ್ಲ, ಹೇಗೂ ಬೆಳಗಾಗುತ್ತಲ್ಲ ಎಂದು ಒಲೆ ಹಚ್ಚುತ್ತಿದ್ದಳು. ಹೋದ ಶ್ರಾವಣದಲ್ಲಿ ಅಜ್ಜಿ ತೀರಿಕೊಂಡರು. ಮಂಚ ಅಟ್ಟ ಸೇರಿತು. ಆದರೆ ನಾಲ್ಕು ಗಂಟೆಗೆ ಅಮ್ಮ ಏಳುವುದು ನಿಲ್ಲಲಿಲ್ಲ. ಅವಳ ಹಿಂದೆ ಕೆಂಚನೂ ಎದ್ದು ಮಂಚವಿಲ್ಲದ ಆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಪಕ್ಕದ ಮನೆಯವರ ಕೈಯಲ್ಲಿ ಅವನು ಅನ್ನ ತಿನ್ನುವುದಿಲ್ಲ. ಬಿಟ್ಟು ಬರುವ ಮಾತೇ ಇರಲಿಲ್ಲ.

ಕುದ್ರುವಿಗೆ ಕಾಲಿಟ್ಟ ಸಂಜೆಯೇ ಅಪ್ಪ ಜೇಬಿನಿಂದ ಪಟ್ಟಿ ತೆಗೆದರು. ನಾಳೆ ಕೃಷ್ಣಮಠ, ನಾಡಿದ್ದು ಕೊಲ್ಲೂರು, ವಾಪಸು ಬರುತ್ತಾ ಆನೆಗುಡ್ಡೆ, ಸಾಲಿಗ್ರಾಮ. ಮರುದಿನ ಬೆಳಿಗ್ಗೆ ಕೆಂಚನನ್ನು ಮನೆಯೊಡತಿಗೆ ಒಪ್ಪಿಸಿ ದೋಣಿ ಹತ್ತಿದೆವು. ಹತ್ತು ಮಾರು ಹೋಗಿರಲಿಲ್ಲ, ಹಿಂದೆ ದೊಪ್ಪೆಂದು ಸದ್ದಾಯಿತು. ಹುಟ್ಟಿದಾರಭ್ಯ ಹೊಳೆ ಕಾಣದ ನಾಯಿ ಕಿವಿ ಹಿಂದಕ್ಕೆ ಮಾಡಿಕೊಂಡು ಈಜಿ ಬರುತ್ತಿತ್ತು. ದೋಣಿಯವರು ಅವನನ್ನು ಕತ್ತು ಹಿಡಿದು ಎತ್ತಿ ಹಾಕಿಕೊಂಡರು. ನಾಯಿಯನ್ನು ಗುಡಿಗಳಿಗೆ ಕರೆದೊಯ್ಯುವಂತಿಲ್ಲ. ಹೊರಗೆ ಹಗ್ಗ ಹಿಡಿದು ನಿಲ್ಲುವವರು ಯಾರು? ಅಮ್ಮ “ನಾನು ನಿಲ್ತೀನಿ” ಎಂದಳು. ಅಪ್ಪ ಅವಳ ಮುಖ ನೋಡಿದರು, ಒದ್ದೆ ನಾಯಿಯನ್ನೂ ನೋಡಿದರು. “ಧರ್ಮರಾಯ ನಾಯಿಗೋಸ್ಕರ ಸ್ವರ್ಗನೇ ಬೇಡ ಅಂದ. ನಮ್ಮದೇನು, ಉಡುಪಿ ತಾನೇ” ಎಂದು ದೋಣಿ ತಿರುಗಿಸಲು ಹೇಳಿದರು. ಪಟ್ಟಿ ಮತ್ತೆ ಜೇಬು ಸೇರಿತು.

ಹೀಗೆ, ನಾಯಿಯ ದೆಸೆಯಿಂದ, ನಾವು ನಾಲ್ವರು ಮಾಡಲು ಏನೂ ಇಲ್ಲದೆ ಕುಳಿತೆವು. ಅದು ಎಷ್ಟು ಕಷ್ಟವೆಂದು ಆ ದಿನವೇ ತಿಳಿದದ್ದು. ಅಪ್ಪ ಕುದ್ರುವಿನ ತೆಂಗಿನ ಮರಗಳನ್ನೆಲ್ಲ ಒಂದೊಂದಾಗಿ ನೋಡಿ, ಯಾವುದರ ಸುಳಿಯನ್ನು ದುಂಬಿ ಕೊರೆದಿದೆ ಎಂದು ವರದಿ ಒಪ್ಪಿಸಿದರು. ನಾನು ಪ್ರಬಂಧದ ಮೂರನೆಯ ಅಧ್ಯಾಯವನ್ನು ಬಿಡಿಸಿಕೊಂಡು ಕುಳಿತೆ. ತಮ್ಮ ಫೋನಿಗೆ ಸಿಗ್ನಲ್ ಹುಡುಕುತ್ತಾ ತೀರದುದ್ದಕ್ಕೂ ಅಲೆದ. ಅಮ್ಮ ಮನೆಯೊಡತಿಯ ಪೊರಕೆ ತೆಗೆದುಕೊಂಡು ಅಂಗಳ ಗುಡಿಸತೊಡಗಿದಳು. ಆಕೆ ಬಂದು ಪೊರಕೆ ಕಸಿದುಕೊಂಡು, “ನೀವು ದುಡ್ಡು ಕೊಟ್ಟು ಬಂದದ್ದು ಅಕ್ಕ, ಗುಡಿಸ್ಲಿಕ್ಕಾ?” ಎಂದರು.

ಅಮ್ಮ ಬಾವಿಯ ಕಡೆ ಹೋದಳು. ಸುತ್ತ ಉಪ್ಪುನೀರು, ಬಾವಿಯಲ್ಲಿ ಸಿಹಿನೀರು. ಅವಳಿಗೆ ನಂಬಲಾಗಲಿಲ್ಲ. ಮಳೆಗಾಲದಲ್ಲಿ ಮರಳಿನೊಳಗೆ ಇಳಿದ ನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತದೆ. ಕಡಲಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು 40 ಅಡಿಯಷ್ಟು ಇರುತ್ತದೆಂದು ಲೆಕ್ಕ. ಪಂಪು ಹಾಕಿ ಒಂದೇ ಸಮನೆ ಎಳೆದರೆ ಆ ಹದ ತಪ್ಪಿ ಅಡಿಯ ಉಪ್ಪು ಮೇಲೇರುತ್ತದೆ. ಮನೆಯೊಡತಿ ಈ ಲೆಕ್ಕವನ್ನು ಬೇರೆ ರೀತಿ ಹೇಳಿದರು: “ನಾಲ್ಕು ಕೊಡ ಸೇದುದು, ಬಿಡುದು. ಬಾವಿಗೂ ಸ್ವಲ್ಪ ಹೊತ್ತು ಬೇಕಲ್ಲ ಮಾರಾಯ್ರೆ.” ಅಮ್ಮ ಬಾವಿಕಟ್ಟೆಗೆ ಒರಗಿ ತುಂಬ ಹೊತ್ತು ಒಳಗೆ ನೋಡುತ್ತಿದ್ದಳು.

ಸಂಜೆ ದೋಣಿಯಲ್ಲಿ ಬೆಂಗ್ರೆಗೆ ದಾಟಿದೆವು. ಅಲ್ಲಿ ನೆಲ ಎಷ್ಟು ಕಿರಿದೆಂದರೆ ಒಂದು ಕಡೆ ಹೊಳೆ, ರಸ್ತೆ ದಾಟಿದರೆ ಕಡಲು. ದೋಣಿಯವರು ಕೆಂಚನನ್ನು ಹಗ್ಗ ಬಿಚ್ಚಿ ಬಿಡಬೇಡಿ ಎಂದರು. ಈ ತಿಂಗಳುಗಳಲ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು, ಮರಳು ತೋಡಿ, ಒಂದೊಂದೂ ನೂರರಷ್ಟು ಮೊಟ್ಟೆಯಿಟ್ಟು ಹೋಗುತ್ತವೆ. ಮರಿಯಾಗಲು 45ರಿಂದ 60 ದಿನ ಬೇಕು. ಅಷ್ಟರಲ್ಲಿ ನಾಯಿಗಳು ವಾಸನೆ ಹಿಡಿದು ಅಗೆದುಬಿಡುತ್ತವೆ. ಹಾಗಾಗಿ ಹಗ್ಗ ಹಿಡಿದು ಯಾರಾದರೂ ಕೂರಲೇಬೇಕಾಯಿತು. ಅಪ್ಪ ಕೂತರು. ಪಕ್ಕದಲ್ಲಿ ಅಮ್ಮ. ನಡುವೆ ಕೆಂಚ.

ಅವರಿಬ್ಬರು ಹಾಗೆ ಅಕ್ಕಪಕ್ಕ ಕುಳಿತದ್ದನ್ನು ಮದುವೆ ಮನೆಯ ಫೋಟೋಗಳಲ್ಲಿ ಬಿಟ್ಟರೆ ನಾನು ನೋಡಿರಲಿಲ್ಲ. ಮನೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ಬಡಿಸುತ್ತಿರುತ್ತಾರೆ. ಮೊದಲು ಕಾಯಿ ರೇಟಿನ ಮಾತು, ಆಮೇಲೆ ನನ್ನ ಮದುವೆಯ ಮಾತು. ಎರಡೂ ಮುಗಿದವು. ಸೂರ್ಯ ಮುಳುಗಿ, ಮೀನಿನ ಬೋಟುಗಳ ದೀಪ ಕಾಣುವವರೆಗೂ ಅವರು ಮಾತಿಲ್ಲದೆ ಕುಳಿತಿದ್ದರು.

ಮೂರನೆಯ ದಿನ ನಸುಕಿನಲ್ಲಿ ಯಾರೋ ಕೈ ನೆಕ್ಕಿದಂತಾಗಿ ಎಚ್ಚರವಾಯಿತು. ಕೆಂಚ. ಗಂಟೆ ನಾಲ್ಕು. ಅಮ್ಮನ ಹಾಸಿಗೆಯ ಬಳಿ ಹೋಗಿ ನಿಂತು, ಅವಳು ಏಳದ್ದರಿಂದ ನನ್ನ ಬಳಿ ಬಂದಿದ್ದ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಉಸಿರು ಉದ್ದವಾಗಿ ಬರುತ್ತಿತ್ತು. ನಾನು ಕೆಂಚನನ್ನು ಕರೆದುಕೊಂಡು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ.

ಬೆಳಕು ಹರಿಯುವಾಗ ಇಳಿತ. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಹಾಗಾಗಿ ಹೊಳೆಯನ್ನು ನಂಬಿದವರ ಕೆಲಸದ ಹೊತ್ತೂ ದಿನಾ ಜರುಗುತ್ತದೆ. ಹೆಂಗಸರಿಬ್ಬರು ಸೊಂಟಮಟ್ಟದ ನೀರಿನಲ್ಲಿ ನಿಂತು, ಕಾಲಲ್ಲಿ ತಡಕುತ್ತಾ ಮರುವಾಯಿ ಹೆಕ್ಕುತ್ತಿದ್ದರು. ಕೆಂಚ ದಡದಲ್ಲಿ ಮುಂಗಾಲ ಮೇಲೆ ಮುಖವಿಟ್ಟು ಮಲಗಿದ.

ಏಳೂಕಾಲಕ್ಕೆ ಅಮ್ಮ ಕೂದಲು ಕಟ್ಟಿಕೊಳ್ಳದೆ ಓಡಿ ಬಂದಳು. “ಯಾಕ್ರೋ ಎಬ್ಬಿಸಲಿಲ್ಲ?” ದನಿಯಲ್ಲಿ ಸಿಟ್ಟಿತ್ತು, ಆದರೆ ಮುಖದಲ್ಲಿದ್ದದ್ದು ಗಾಬರಿ. ಎಲ್ಲೋ ಯಾರೋ ಒಂದೇ ಮಗ್ಗುಲಲ್ಲಿ ತನಗಾಗಿ ಕಾದು ಮಲಗಿದ್ದಾರೆ ಎಂಬಂಥ ಗಾಬರಿ. ಅಪ್ಪ ಜಗಲಿಯಿಂದಲೇ, “ಯಾರೂ ಕಾಯ್ತಿಲ್ಲ, ಕೂತ್ಕೋ” ಎಂದರು. ಅವಳು ನಿಂತೇ ಇದ್ದಳು. ಆಮೇಲೆ ಕೆಂಚನ ಪಕ್ಕ ಕುಳಿತು, ಸೆರಗಿನಲ್ಲಿ ಮುಖ ಒರೆಸಿಕೊಂಡು, “ಅತ್ತೆ ಇದ್ದಿದ್ರೆ ಈ ನೀರು ನೋಡಿ ಹೆದರಿಬಿಡೋರು” ಎಂದಳು. ಅಜ್ಜಿ ಹೋದ ಮೇಲೆ ಅವರ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ನಂತರ ಒಂದರ ಹಿಂದೊಂದು ಬಂದವು. ಅಜ್ಜಿಯ ಎಲೆಡಿಕೆ, ಜಗಳ, ಕಡೆಗಾಲದಲ್ಲಿ ಸೊಸೆಯನ್ನೇ “ಅವ್ವ” ಎಂದು ಕರೆಯುತ್ತಿದ್ದದ್ದು. ಕಾಫಿ ಆರಿ ಹೋಗುವವರೆಗೂ ಮಾತಾಡಿದಳು. ನಾವು ಕೇಳುತ್ತಾ ಕುಳಿತೆವು. ಬೇರೆ ಕೆಲಸ ಇರಲಿಲ್ಲ.

ಹೊರಡುವಾಗ ಅಮ್ಮ ಮನೆಯೊಡತಿಯನ್ನು ಕೇಳಿದಳು, “ನಿಮಗೆ ಬೇಸರ ಬಂದ್ರೆ ನೀವು ಎಲ್ಲಿಗೆ ಹೋಗ್ತೀರಿ?”

“ಉಡುಪಿಗೆ ತಂಗಿ ಮನೆಗೆ. ಅಲ್ಲಿ ರಾತ್ರಿ ಇಡೀ ಬಸ್ಸಿನ ಶಬ್ದ ಉಂಟು. ಒಳ್ಳೆ ನಿದ್ದೆ ಬರ್ತದೆ.”

ಅಮ್ಮ ನಕ್ಕಳು. “ಹಂಗಾದ್ರೆ ನಮ್ಮೂರಿಗೂ ಬನ್ನಿ.”

“ಎಂತ ಕಾರ್ಯಕ್ರಮ ಉಂಟು? ಜಾತ್ರೆಯಾ?”

“ಏನಿಲ್ಲ,” ಎಂದಳು ಅಮ್ಮ. “ಸುಮ್ನೆ ಬನ್ನಿ.”