ಕಕ್ಕೆಮರದ ಹುಳುಗಳೂ ಶ್ರಾವಕನ ಸಂಕಲ್ಪವೂ

ಮನೆಯಂಗಳದಲ್ಲಿ ಕಕ್ಕೆಮರವನ್ನು ಬೆಳೆಸುವವರು ಅದರಿಂದ ಅಪೇಕ್ಷಿಸುವುದು ಹೂವನ್ನು ಮಾತ್ರ. ಬೇಸಗೆಯಲ್ಲಿ ಎಲೆಯುದುರಿಸಿ, ಏಪ್ರಿಲ್-ಮೇ ತಿಂಗಳುಗಳಲ್ಲಿ ಹೊಂಬಣ್ಣದ ಗೊಂಚಲುಗಳನ್ನು ಇಳಿಬಿಡುವ ಈ ಮರ, ಮುಂಗಾರಿನ ಹೊತ್ತಿಗೆ ಎಳೆಯೆಲೆಗಳಿಂದ ತುಂಬಿಕೊಳ್ಳುತ್ತದೆ. ಕ್ಯಾಟೋಪ್ಸಿಲಿಯಾ ಪೊಮೋನಾ ಎಂದು ಜೀವಶಾಸ್ತ್ರಜ್ಞರು ಕರೆಯುವ ತಿಳಿಹಳದಿ ಚಿಟ್ಟೆ ಕಾದಿರುವುದು ಆ ಎಲೆಗಳಿಗಾಗಿಯೇ. ಎಲೆಗೊಂದರಂತೆ ಅದು ಇಟ್ಟುಹೋದ ಮೊಟ್ಟೆಗಳಿಂದ ಹೊರಬರುವ ಹಸಿರು ಹುಳುಗಳು ಎಲೆಯ ಬಣ್ಣದಲ್ಲಿಯೇ ಅಡಗಿ, ನಡುನರವನ್ನಷ್ಟೆ ಉಳಿಸಿ ಮುಗಿಸುತ್ತವೆ.

ಧಾರವಾಡದ ನಮ್ಮ ಅಂಗಳದ ಮರಕ್ಕೆ ಕಳೆದ ಮಳೆಗಾಲದಲ್ಲಿ ಹೀಗಾದಾಗ ತೋಟದ ಕೆಲಸಕ್ಕೆ ಬರುವವರು, “ಎಣ್ಣಿ ಹೊಡದುಬಿಡೂಣ್ರಿ ಸರ, ಎರಡ ದಿನದಾಗ ಎಲ್ಲಾ ಉದುರತಾವ” ಎಂದರು. ಕೀಟನಾಶಕಕ್ಕೆ ನಮ್ಮ ಭಾಗದಲ್ಲಿ ‘ಎಣ್ಣೆ’ ಎನ್ನುತ್ತಾರೆ. ಮೈಸೂರಿನ ಕಡೆ ‘ಔಷಧಿ’. ಕೊಲ್ಲುವ ದ್ರವಕ್ಕೆ ಪೋಷಿಸುವ, ಗುಣಪಡಿಸುವ ವಸ್ತುಗಳ ಹೆಸರು! ಭಾಷಾವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಮಂಗಳೋಕ್ತಿಯ ಉದಾಹರಣೆಯಾಗಿ ಬರೆದುಕೊಳ್ಳಬಹುದು. ‘ವಿಷ ಹೊಡೆಯೋಣ’ ಎಂದು ಅವರು ಕೇಳಿದ್ದರೆ ಹೂಂ ಎನ್ನುವವರ ಸಂಖ್ಯೆ ಕಡಿಮೆಯಾಗುತ್ತಿತ್ತೋ ಏನೋ.

ಗೃಹಸ್ಥನು ಮಾಡುವ ಹಿಂಸೆಯನ್ನು ಜೈನ ಪರಂಪರೆ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅಡುಗೆ, ಕಸಗುಡಿಸುವಿಕೆ ಮೊದಲಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಇವು ಮೂರನ್ನೂ ಶ್ರಾವಕನು ಪೂರ್ಣವಾಗಿ ಬಿಡಲಾರನು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಮಾತ್ರ, ಅದೂ ತ್ರಸಜೀವಗಳ ವಿಷಯದಲ್ಲಿ, ಅವನು ಬಿಡಲೇಬೇಕು. ಹತ್ತಿಯ ಹೊಲದಲ್ಲಿ ಕಾಯಿಕೊರಕವನ್ನು ಕಂಡ ರೈತನ ಸಂಕಟ ಉದ್ಯೋಗೀ ಹಿಂಸೆಯ ವಿಚಾರಕ್ಕೆ ಸೇರುತ್ತದೆ. ಅವನ ಸಾಲ, ಅವನ ಮಕ್ಕಳ ಅನ್ನ ಆ ತಕ್ಕಡಿಯಲ್ಲಿವೆ. ನನ್ನ ಕಕ್ಕೆಮರದಿಂದ ಯಾರ ಒಲೆಯೂ ಉರಿಯುವುದಿಲ್ಲ. ಅಲಂಕಾರದ ಮರಕ್ಕೆ ಕೃಷಿಯ ವಿನಾಯಿತಿಯನ್ನು ಎರವಲು ತರುವುದು ಶಾಸ್ತ್ರಕ್ಕೂ ರೈತನಿಗೂ ಮಾಡುವ ಅನ್ಯಾಯವೆಂದು ನನಗೆ ತೋರುತ್ತದೆ. ಕಣ್ಣಿನ ಸುಖವೊಂದನ್ನು ಬಿಟ್ಟು ಬೇರೆ ಪ್ರಯೋಜನವಿಲ್ಲದ ಕಡೆ, ಹುಳುವನ್ನು ಕಂಡೂ ಸಿಂಪಡಿಸುವುದು ಸಂಕಲ್ಪೀ ಹಿಂಸೆಯೇ. ಕೂಲಿಯವರ ಕೈಯಿಂದ ಮಾಡಿಸಿದರೂ ಅಷ್ಟೆ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಆಚಾರ್ಯರು ಒಟ್ಟಿಗೇ ಹೇಳಿದ್ದಾರೆ.

‘ಕೊಲ್ಲುವುದು ನನ್ನ ಉದ್ದೇಶವಲ್ಲ, ಮರವನ್ನು ಉಳಿಸುವುದಷ್ಟೆ’ ಎಂಬ ಸಮಾಧಾನವುಂಟು. ಜನ್ನನ ಯಶೋಧರ ಚರಿತೆಯನ್ನು (1209) ಪಾಠ ಹೇಳುವಾಗ ವಿದ್ಯಾರ್ಥಿಗಳು ಇದರ ತಿರುವುಮುರುವಾದ ಪ್ರಶ್ನೆಯನ್ನು ಎತ್ತುತ್ತಾರೆ. ಹಿಟ್ಟಿನ ಕೋಳಿಯನ್ನು ಕಡಿದದ್ದಕ್ಕೆ ತಾಯಿ-ಮಗ ಇಬ್ಬರಿಗೂ ಅಷ್ಟು ತಿರ್ಯಗ್ಜನ್ಮಗಳೇಕೆ? ಅಲ್ಲಿ ಕೋಳಿ ಹುಸಿಯಾಗಿತ್ತು, ಕೊಲ್ಲುವ ಭಾವ ದಿಟವಾಗಿತ್ತು. ಇಲ್ಲಿ ಹುಳುಗಳು ದಿಟ, ಭಾವವನ್ನು ಹುಸಿಯೆಂದು ತೋರಿಸಬೇಕು. ಆದರೆ ರಾಗಾದಿಗಳು ಹುಟ್ಟುವುದೇ ಹಿಂಸೆಯೆಂದು ಪುರುಷಾರ್ಥಸಿದ್ಧ್ಯುಪಾಯದ ಅಮೃತಚಂದ್ರಸೂರಿ ಹೇಳುತ್ತಾನೆ. ಹಳದಿ ಗೊಂಚಲಿನ ಮೇಲಿನ ಮೋಹ ರಾಗವಲ್ಲದೆ ಮತ್ತೇನು?

ಸಂಶೋಧಕ ಮಿತ್ರರೊಬ್ಬರು ಬೇರೊಂದು ಮಗ್ಗುಲಿನಿಂದ ಕೇಳಿದರು: “ಮರವೂ ಜೀವವೇ ಅಲ್ಲವೆ? ಒಂದು ಹುಳುವಿಗಾಗಿ ನೂರು ಎಲೆಗಳನ್ನು ಬಲಿಕೊಡುವುದು ಯಾವ ಅಹಿಂಸೆ?” ಒಂದನ್ನು ಕೊಂದರೆ ಹಲವು ಉಳಿಯುತ್ತವೆಂಬ ಲೆಕ್ಕದಿಂದ ಹಿಂಸ್ರಪ್ರಾಣಿಯನ್ನೂ ಕೊಲ್ಲಬಾರದೆಂಬುದು ಅದೇ ಅಮೃತಚಂದ್ರನ ಉತ್ತರ. ಇಂದ್ರಿಯಗಳ ಗಣನೆಯೂ ಇದೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ವನಸ್ಪತಿ ಏಕೇಂದ್ರಿಯ. ಕ್ರಿಮಿಗೆ ಎರಡು, ಇರುವೆಗೆ ಮೂರು, ಭ್ರಮರಕ್ಕೆ ನಾಲ್ಕು. ನಮ್ಮ ಹಸಿರು ಹುಳುವನ್ನು ಎಲ್ಲಿಡಬೇಕು? ತೆವಳುವಾಗ ಕ್ರಿಮಿಯಂತೆ ಕಾಣುವುದು ತಿಂಗಳೊಳಗೆ ಭ್ರಮರದ ಪಂಕ್ತಿಗೆ ಹಾರುತ್ತದೆ. ಈ ಮರಿಹುಳುವಿನ ತಲೆಯ ಎರಡೂ ಪಕ್ಕಗಳಲ್ಲಿ ಆರಾರು ಸರಳ ಕಣ್ಣುಗಳಿರುವುದನ್ನು ಇಂದಿನ ಕೀಟಶಾಸ್ತ್ರ ತೋರಿಸಿದೆ. ಸೂತ್ರದ ‘ಆದಿ’ ಶಬ್ದದ ವ್ಯಾಪ್ತಿಯನ್ನು ಕುರಿತು ಯಾರಾದರೂ ಸ್ವತಂತ್ರ ಲೇಖನ ಬರೆಯಬೇಕು. ಎಲ್ಲಿಟ್ಟರೂ ಅದು ತ್ರಸಜೀವವೆಂಬುದರಲ್ಲಿ ವಿವಾದವಿಲ್ಲ.

‘ಸಾವಯವ’ವೆಂಬ ಮಾತಿನಿಂದಲೂ ಮೋಸಹೋಗಬಾರದು. ಬೇವಿನ ಅಜಾಡಿರಾಕ್ಟಿನ್ ಹುಳುವಿನ ಮೇವನ್ನು ಕೆಡಿಸಿ, ಪೊರೆ ಕಳಚದಂತೆ ತಡೆಯುತ್ತದೆ. ಸಾವು ತಡವಾಗಿ ಬರುತ್ತದೆ, ಅಷ್ಟೆ. 1901ರಲ್ಲಿ ಜಪಾನಿನಲ್ಲಿ ರೇಷ್ಮೆಹುಳುವಿನ ರೋಗಾಣುವಾಗಿ ಗುರುತಿಸಲ್ಪಟ್ಟ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಹುಳುವಿನ ಕ್ಷಾರಗುಣದ ಕರುಳನ್ನೇ ಒಡೆಯುತ್ತದೆ. ಜೇನುನೊಣಕ್ಕೂ ಮಣ್ಣಿಗೂ ಇವು ಮೇಲೆಂಬುದು ನಿಜ. ರೈತನಿಗೆ ನಾನೂ ಇವನ್ನೇ ಹೇಳುವೆನು. ಅಹಿಂಸೆಯೆಂಬ ಹೆಸರು ಮಾತ್ರ ಇವಕ್ಕೆ ಸಲ್ಲದು.

ಹಾಗಾದರೆ ಮಾಡಿದ್ದೇನು? ಕೈಗೆಟಕುವ ಕೊಂಬೆಗಳ ಹುಳುಗಳನ್ನು ಮುಟ್ಟದೆ, ಅವು ಕುಳಿತ ಎಲೆಯ ಸಮೇತ ಬಿಡಿಸಿ, ಊರ ಹೊರಗಿನ ರಸ್ತೆಬದಿಯ ದೊಡ್ಡ ಕಕ್ಕೆಮರಗಳ ರೆಂಬೆಗೆ ಸಿಕ್ಕಿಸಿ ಬಂದೆವು. ಕಕ್ಕೆಮರವೇ ಆಗಬೇಕು, ದಾಸವಾಳದ ಮೇಲೆ ಬಿಟ್ಟರೆ ಅವು ಹಸಿದು ಸಾಯುತ್ತವೆ, ಕೊಂದವರು ನಾವೇ ಆಗುತ್ತೇವೆ. ದಿಗಂಬರ ಮುನಿಗಳು ಹಿಡಿಯುವ ನವಿಲುಗರಿಯ ಪಿಂಛಿ ಜೀವಿಯನ್ನು ನೋಯಿಸದೆ ಸರಿಸುವ ಉಪಕರಣ. ಗೃಹಸ್ಥನ ಅಂಗಳದಲ್ಲಿ ಆ ಕೆಲಸವನ್ನು ಎಲೆಯೇ ಮಾಡಿತು. ಹಿಂದಿನ ವರ್ಷ ನೆಟ್ಟ ಇನ್ನೊಂದು ಸಸಿ ಪೂರ್ತಿ ಬೋಳಾದರೆ ಬದುಕುವುದು ಕಷ್ಟವಾದ್ದರಿಂದ, ಮೊಟ್ಟೆ ಬೀಳುವ ಮೊದಲೇ ಅದಕ್ಕೆ ಹಳೆಯ ಸೊಳ್ಳೆಪರದೆ ಹೊದಿಸಿದ್ದೆವು. ಎತ್ತರದ ಕೊಂಬೆಗಳನ್ನು ಹಕ್ಕಿಗಳಿಗೂ ಹುಳುವಿನೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳಿಗೂ ಬಿಟ್ಟೆವು. ಅದೂ ಹಿಂಸೆಯೇ ಎಂದು ಮಿತ್ರರು ನಕ್ಕರು. ಹೌದು, ಆದರೆ ಅದರಲ್ಲಿ ನನ್ನ ಸಂಕಲ್ಪವಿರಲಿಲ್ಲ.

ಬೇರೂರಿದ ಮರ ಒಮ್ಮೆ ಎಲೆ ಕಳೆದುಕೊಂಡರೆ ಸಾಮಾನ್ಯವಾಗಿ ಸಾಯುವುದಿಲ್ಲ. ಶ್ರಾವಣ ಮುಗಿಯುವಷ್ಟರಲ್ಲಿ ನಮ್ಮದು ಮತ್ತೆ ಚಿಗುರಿತು. ಆ ವಾರವೇ ನೆರೆಮನೆಯವರು ತಮ್ಮ ಗುಲಾಬಿಗೆಂದು ಸಿಂಪಡಿಸುವ ಪಂಪನ್ನು ಕೇಳಿಕೊಂಡು ಬಂದರು. ಕೊಡಲಿ, ಖಡ್ಗ, ವಿಷಗಳನ್ನು ಪರರಿಗೆ ಕೊಡುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಪಂಪನ್ನು ಕೊಡಲಿಲ್ಲ, ಒಂದು ಸೊಳ್ಳೆಪರದೆ ಇದೆ, ಬೇಕಾದರೆ ಒಯ್ಯಿರಿ ಎಂದೆ. ಅವರು ತುಸು ಬೇಸರದಿಂದಲೇ ಒಯ್ದರು.